ಬಲೆ ಇರುವ ಆಟದಲ್ಲಿ ಬೆರಳ ಗುರುತು

ಹಲಸೂರಿನ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಎಣ್ಣೆಸ್ನಾನ. ಮೊಮ್ಮಗಳಿಗೆ ಹದಿಮೂರು ತುಂಬಿದರೂ ತಲೆಗೂ ತೋಳಿಗೂ ಎಣ್ಣೆ ತಿಕ್ಕುವುದು ನಾನೇ. ಆ ಸಂತೋಷವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವಳಲ್ಲ ನಾನು. ಆ ಭಾನುವಾರ ತೋಳು ಹಿಡಿದ ಕೂಡಲೇ ಹುಡುಗಿ ‘ಸ್’ ಎಂದು ಕೈ ಎಳೆದುಕೊಂಡಳು. ನೋಡಿದರೆ ಒಂದು ಪಕ್ಕ ನಾಲ್ಕು ನೀಲಿ ಕಲೆ, ಇನ್ನೊಂದು ಪಕ್ಕ ಒಂದು. ನನ್ನ ಬೆರಳುಗಳನ್ನು ಅವುಗಳ ಮೇಲಿಟ್ಟು ನೋಡಿದೆ. ಸರಿಯಾಗಿ ಕೂತವು.

“ಯಾರೇ ಹಿಡಿದಿದ್ದು?”

“ಯಾರೂ ಇಲ್ಲಜ್ಜಿ. ಥ್ರೋಬಾಲ್ ಆಡುವಾಗ ಬಾಲ್ ಬಡೀತು.”

“ಬಾಲಿಗೆ ಬೆರಳಿರುತ್ತೇನೇ?”

“ಅಯ್ಯೋ, ನೀನು ಪೊಲೀಸ್ ಆಗ್ಬೇಕಿತ್ತು ಬಿಡು!” ಎಂದು ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಥ್ರೋಬಾಲ್ ಗೊತ್ತು. ನಡುವೆ ಬಲೆ, ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಅದಕ್ಕೇ ಸೊಸೆ ಒಪ್ಪಿದ್ದು. “ಹೆಣ್ಣುಮಗು, ಮೈಕೈ ಮುಟ್ಟೋ ಆಟ ಬೇಡ. ಏನಾದ್ರೂ ಪೆಟ್ಟು ಮಾಡ್ಕೊಂಡ್ ಬಂದ್ರೆ ಆವತ್ತೇ ಆಟ ಬಂದ್” ಎಂದು ಮೊದಲೇ ಹೇಳಿದ್ದಳು. ಕಲೆಯ ವಿಷಯ ಹೇಳಿದರೆ ಆಟ ನಿಲ್ಲುತ್ತದೆ, ಹೇಳದಿದ್ದರೆ ಮಗುವನ್ನು ಯಾರೋ ಹಿಂಸೆ ಮಾಡುತ್ತಿದ್ದರೆ? ಬಸ್ಸಿನಲ್ಲೋ, ಟ್ಯೂಷನ್ನಿನಲ್ಲೋ? ಎರಡು ದಿನ ಇದೇ ಯೋಚನೆ. ಅವಳ ಬ್ಯಾಗನ್ನೂ ತಡಕಿದೆ. ಮೊಣಕಾಲಿಗೆ ಹಾಕುವ ದಪ್ಪ ಪಟ್ಟಿ ಸಿಕ್ಕಿತು, ತುಂಬ ಮಣ್ಣು. ಕೈಯಲ್ಲಿ ಆಡುವ ಆಟಕ್ಕೆ ಮೊಣಕಾಲಿನದೇನು ಕೆಲಸ?

ಬುಧವಾರ ಸಂಜೆ ಹೇಳದೆ ಕೇಳದೆ ಅವಳು ಆಡಲು ಹೋಗುವ ಇಂದಿರಾನಗರದ ಮೈದಾನಕ್ಕೆ ಹೋದೆ. ಗೇಟಿನ ಹೊರಗೆ ಎಳನೀರಿನ ಗಾಡಿಯ ಮರೆಯಲ್ಲಿ ನಿಂತೆ. ಬಲೆಯ ಎರಡೂ ಕಡೆ ಹುಡುಗಿಯರ ಮುಖ ಒಂದೊಂದಾಗಿ ನೋಡಿದೆ. ನನ್ನ ಚಿನ್ನ ಅಲ್ಲಿರಲಿಲ್ಲ.

ಆಮೇಲೆ ಮೂಲೆಯಲ್ಲಿ ಕೂಗಾಟ ಕೇಳಿಸಿತು. ಅಲ್ಲಿದ್ದಳು! ಒಬ್ಬ ದಪ್ಪ ಹುಡುಗಿ ಅವಳ ಕಾಲು ಹಿಡಿದೆಳೆಯುತ್ತಿದ್ದಳು, ಇನ್ನಿಬ್ಬರು ಸೊಂಟಕ್ಕೆ ಜೋತುಬಿದ್ದಿದ್ದರು. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಹೋಗಿ ದಪ್ಪ ಹುಡುಗಿಯ ರಟ್ಟೆ ಹಿಡಿದೆ.

“ಬಿಡೇ ನನ್ನ ಮಗೂನ!”

ನೆಲದ ಮೇಲಿಂದ ಮೊಮ್ಮಗಳು, “ಅಜ್ಜೀ, ಮಾನ ತೆಗೀಬೇಡ, ಇದು ಕಬಡ್ಡಿ!” ಎಂದಳು.

ಕಲಿಸುವ ಮೇಡಂ ನಗು ತಡೆದುಕೊಂಡು ನನ್ನನ್ನು ಗೆರೆಯಿಂದ ಆಚೆ ಕರೆದೊಯ್ದರು. “ಅಮ್ಮಾ, ಥ್ರೋಬಾಲಲ್ಲಿ ಎದುರಾಳಿನ ಮುಟ್ಟೋ ಹಾಗೇ ಇಲ್ಲ. ಖೋ ಖೋನಲ್ಲಿ ಮುಟ್ಟಿದ್ರೆ ಸಾಕು, ಔಟು. ಇಲ್ಲಿ ಹಿಡಿದು ನಿಲ್ಲಿಸ್ಬೇಕು. ಆದ್ರೆ ಜಡೆ, ಬಟ್ಟೆ ಹಿಡಿಯೋ ಹಾಗಿಲ್ಲ. ಅದಕ್ಕೆಲ್ಲ ರೂಲ್ಸ್ ಇದೆ.”

“ನೀವು ನೋಡದೇ ಇದ್ದಾಗ ಜಡೆ ಎಳೆದ್ರೆ?” ಎಂದೆ. ನನ್ನ ಅನುಮಾನ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

“ಅವಳೇ ಸುಮ್ನೆ ಬಿಡ್ತಾಳಾ? ಕೂಗಿ ಊರು ಸೇರಿಸ್ತಾಳೆ,” ಎಂದರು ಮೇಡಂ. ಅದು ನಿಜವೇ.

ದಾರಿಯುದ್ದಕ್ಕೂ ಅವಳು, “ಅಮ್ಮಂಗೆ ಹೇಳ್ಬೇಡಜ್ಜಿ” ಎಂದು ಸೆರಗು ಎಳೆದಳು. ನಾನು ಹೇಳಿದೆ. ಬೇರೆಯವರಿಂದ ಗೊತ್ತಾದರೆ ಇನ್ನೂ ಕೆಡುತ್ತಿತ್ತು. ಸೊಸೆ ಮಗಳ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಸುಳ್ಳು ಬೇರೆ ಹೇಳಿದ್ದೀಯ. ಅತ್ತೆ, ಶನಿವಾರ ನಂಗೆ ರಜಾ, ನಾನೇ ಬಂದು ನೋಡ್ತೀನಿ. ಆಮೇಲೆ ಹೇಳ್ತೀನಿ,” ಎಂದಳು. ಹುಡುಗಿ ರಾತ್ರಿ ಊಟ ಮಾಡಲಿಲ್ಲ.

ಶನಿವಾರ ಸೊಸೆ ಕೈಕಟ್ಟಿ ನಿಂತಿದ್ದಳು. ಮೊಮ್ಮಗಳು ಮತ್ತೆ ಮತ್ತೆ ಎದುರಾಳಿಗಳ ಅಂಗಳದೊಳಗೆ ನುಗ್ಗಿದಳು. ಕೊನೆಯ ಸಲ ಮೂವರು ಹಿಡಿದರು. ಮೂವರನ್ನೂ ಎಳೆದುಕೊಂಡೇ ಮಣ್ಣಿನಲ್ಲಿ ತೆವಳಿ ಕೈ ಚಾಚಿದಳು. ಗೆರೆಗೆ ಒಂದೇ ಒಂದು ಗೇಣು. ಅಷ್ಟರಲ್ಲಿ ಮೇಡಂ ಸೀಟಿ ಊದಿದರು, ಔಟು.

ಸೊಸೆ ಸರಸರನೆ ಮೇಡಂ ಹತ್ತಿರ ನಡೆದಳು. ಮುಗಿಯಿತು, ಆಟ ಬಿಡಿಸಿಯೇಬಿಟ್ಟಳು ಎಂದುಕೊಂಡೆ.

“ಏನ್ರೀ ಮೇಡಂ, ಇವಳು ಯಾವಾಗ್ಲೂ ಎಡಗಡೆನೇ ನುಗ್ತಾಳೆ, ಅವರಿಗೆ ಗೊತ್ತಾಗ್ಬಿಟ್ಟಿದೆ. ಬಲಗಡೆ ಹೋಗೋದು ಯಾವಾಗ ಕಲಿಸ್ತೀರಿ?”

ಮಣ್ಣಾದ ಮುಖ ಮೇಲೆತ್ತಿ ಮೊಮ್ಮಗಳು ಅಮ್ಮನನ್ನೇ ನೋಡಿದಳು. ನನಗೆ ಆ ಮೈದಾನದಲ್ಲೇ ಕುಣಿದುಬಿಡೋಣ ಎನಿಸಿತು.