ಏಳು ಮೆಟ್ಟಿಲು ಉರುಳುವ ಯಜಮಾನ

ಧಡ್, ಧಡ್, ಧಡ್... ಒಟ್ಟು ಏಳು ಸಲ, ಕೊನೆಗೊಂದು ಉದ್ದನೆಯ ಕಿರುಚಾಟ. ಮಧ್ಯಾಹ್ನ ಮೂರಕ್ಕೆ ನಮ್ಮ ಕೊಳ್ಳೇಗಾಲದ ಮನೆಯ ಟೀವಿಯಿಂದ ಬರುತ್ತಿದ್ದ ಸದ್ದು ಅದು. ಅಮೆರಿಕದ ಇಂಗ್ಲಿಷ್ ಕಾರ್ಟೂನ್ ಸೀರಿಯಲ್ ಒಂದರ ಬೋಳುತಲೆ ಯಜಮಾನ ಪ್ರತಿ ಎಪಿಸೋಡಿನ ಶುರುವಿನಲ್ಲೂ ಮೆಟ್ಟಿಲಿನಿಂದ ಉರುಳುತ್ತಿದ್ದ. ಇಪ್ಪತ್ತು ವರ್ಷದಿಂದ ಉರುಳುತ್ತಲೇ ಇದ್ದಾನಂತೆ, ಒಂದು ಮೂಳೆಯೂ ಮುರಿದಿಲ್ಲ. ನಾನು ಬಚ್ಚಲಲ್ಲಿ ಒಂದೇ ಸಲ ಜಾರಿ ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ನೋ ಜಸ್ಟೀಸ್ ಅಟ್ ಆಲ್.

ಆ ಸದ್ದಿಗೇ ಅವಳು ಮೊದಲ ಸಲ ಓಡಿಬಂದದ್ದು. ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಅಜ್ಜೀಪುರದ ಹೆಂಗಸು; ಮಗ್ಗದ ಮನೆಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಬಿದ್ದದ್ದು ನಾನೇ ಅಂದುಕೊಂಡು ಹರಳೆಣ್ಣೆ ಶೀಶೆ ಹಿಡಿದೇ ಬಂದಿದ್ದಳು. ಸೋಫಾದ ಮೇಲೆ ನೆಟ್ಟಗೆ ಕೂತಿದ್ದ ನನ್ನನ್ನು ನೋಡಿ ಅವಳಿಗೆ ಚೂರು ನಿರಾಸೆಯೇ ಆಯಿತೇನೋ.

"ಬಿದ್ದೋನು ಇವ್ನಾ ಅಮ್ಮಾವ್ರೇ? ಏನಂತಾವ್ನೆ?"

ನಿಜ ಹೇಳಬೇಕೆಂದರೆ, ನನಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದು ಪ್ರತಿ ಪದವೂ ಸ್ನಾನ ಮಾಡಿ ತಲೆ ಬಾಚಿ ಬಂದಂಥ ಇಂಗ್ಲಿಷು. ಈ ಕಾರ್ಟೂನಿನವರೋ, ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡೇ ಮಾತಾಡುತ್ತಿದ್ದರು. ಆದರೆ ಬೀದಿಗೆಲ್ಲ ನಾನು 'ಇಂಗ್ಲಿಷ್ ಅಮ್ಮಾವ್ರು'. ಬ್ಯಾಂಕಿನ ಕಾಗದ, ಡಾಕ್ಟರ ಚೀಟಿ ಎಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಗೊತ್ತಿಲ್ಲ ಅನ್ನುವುದು ಹೇಗೆ?

"ಅವನ ಅತ್ತೆ ಜಮೀನಿನಲ್ಲಿ ಪಾಲು ಕೇಳ್ತಿದ್ದಾಳಂತೆ," ಎಂದೆ, ವಿತ್ ಫುಲ್ ಕಾನ್ಫಿಡೆನ್ಸ್.

ಅವಳು ಕೂತಳು. ಎರಡು ವರ್ಷ, ದಿನಾ ಮೂರಕ್ಕೆ ಬಂದು ಕೂತಳು.

"ಆ ಉದ್ದುಕ್ಕಿರೋನು ಯಾರು?"

"ಹೆಂಡತಿ ತಮ್ಮ. ಕೆಲಸ ಇಲ್ಲ."

"ಆ ಎಣ್ಮಗ?"

"ಮೂರನೇ ಕ್ಲಾಸು. ಇಪ್ಪತ್ತು ವರ್ಷದಿಂದಲೂ ಅದೇ ಕ್ಲಾಸು."

"ಇಪ್ಪತ್ ವರ್ಸದಿಂದ್ಲೂವಾ? ದಡ್ಡಿ ಕಣ್ರಿ. ಇಸ್ಕೂಲು ಬುಡ್ಸಿ ನನ್ತಾವ ಕಳ್ಸಕ್ಕೇಳಿ, ನೂಲು ಸುತ್ತಲಿ."

ಹೀಗೆ ಜಮೀನಿನ ಜಗಳ ಬೆಳೆಯುತ್ತಾ ಹೋಯಿತು. ನನಗೆ ಮಧ್ಯಾಹ್ನದ ನಿದ್ದೆಯೇ ಬೇಡವಾಯಿತು.

ಒಂದು ದಿನ ಕೇಬಲ್‌ನವರು ಬಂದು ಹೊಸ ಬಾಕ್ಸ್ ಕೂರಿಸಿ ಹೋದರು. ಮೂರು ಗಂಟೆ. ಧಡ್, ಧಡ್, ಧಡ್. ಕೆಳಗೆ ಬಿದ್ದ ಯಜಮಾನ ಎದ್ದು ಕೂತು ಅಚ್ಚ ಕನ್ನಡದಲ್ಲಿ, "ನನ್ನ ಚಪ್ಪಲಿ ಎಲ್ಲಿ?" ಎಂದ.

ಓ ಮೈ ಗಾಡ್. ಹೆಂಡತಿಯ ತಮ್ಮ ಹಲ್ಲಿನ ಡಾಕ್ಟರಾಗಿದ್ದ. ಅತ್ತೆ ಅತ್ತೆಯೇ ಅಲ್ಲ, ಮನೆಯ ಓನರ್. ಜಮೀನಿನ ಸುದ್ದಿಯೇ ಇಲ್ಲ. ನನ್ನ ಇಂಗ್ಲಿಷಿನ ಮಾನ ಹೋದರೆ ಹೋಗಲಿ. ನಾಳೆ ಮೂರಕ್ಕೆ ಇವಳು ಬರದೇ ಹೋದರೆ?

ಅವಳು ಐದು ನಿಮಿಷ ನೋಡಿದಳು. ಆಮೇಲೆ ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಅಡಗಿಸಿದಳು.

"ಏನೇನೋ ಒದರ್ತಾವ್ರೆ ಇವ್ರು. ಜಮೀನಿನ ಇಚಾರ ಒಬ್ರೂ ಎತ್ನಿಲ್ಲ. ನೀವೇ ಯೋಳಿ ಅಮ್ಮಾವ್ರೇ."

"ನಾನು ಹೇಳಿದ್ದೆಲ್ಲ ಸುಳ್ಳು ಕಣೇ."

"ಗೊತ್ತು ಕಣ್ರಿ. ಅಮೆರಿಕದೋನು ಇಲ್ಲೇ ನಮ್ಮ ಮಾಂಬಳ್ಳೀಲಿ ಎಮ್ಮೆ ತಕಂಡ ಅಂದ್ರಲ್ಲ, ಅವತ್ತೇ ಗೊತ್ತಾಯ್ತು. ಪಾಲಾಯ್ತಾ, ಇಲ್ವಾ? ಅದ್ನ ಯೋಳಿ."

ಪಾಲು ಮಾಡಲು ನನಗೆ ಮನಸ್ಸು ಬರಲಿಲ್ಲ. ಮಾಡಿದರೆ ಕತೆ ಮುಗಿದುಹೋಗುತ್ತದಲ್ಲ? ಎಳೆದೆ, ಎಳೆದೆ, ಹೋದ ವರ್ಷದವರೆಗೂ ಎಳೆದೆ.

ಆಗ ಅವಳು ಮನೆ ಖಾಲಿ ಮಾಡಿ ಮಗಳಿದ್ದ ಹನೂರಿಗೆ ಹೊರಟಳು. ಬಸ್‌ಸ್ಟ್ಯಾಂಡಿನವರೆಗೆ ನಾನೂ ಕೋಲೂರಿಕೊಂಡು ಹೋದೆ. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಮ್ಮಾವ್ರೇ! ಜಮೀನು ಯಾರ್ಗಾಯ್ತು ಕಡೇಗೆ?"

"ಆ ಮೂರನೇ ಕ್ಲಾಸಿನ ಹುಡುಗಿಗೆ!" ಬಸ್ಸಿನ ಪಕ್ಕದಲ್ಲೇ ಕುಂಟುತ್ತಾ ಕೂಗಿದೆ. "ಎಲ್ಲಾ ಅವಳ ಹೆಸರಿಗೇ!"

ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಅವಳು ತಲೆ ಒಳಗೆಳೆದುಕೊಂಡಳು. ಬಸ್ಸು ಹನೂರು ರಸ್ತೆಗೆ ತಿರುಗುವಾಗ, ಪಕ್ಕದ ಸೀಟಿನವಳಿಗೆ ಕೈ ಬೀಸಿ ಬೀಸಿ ಅವಳು ವಿಷಯ ಹೇಳುತ್ತಿದ್ದದ್ದು ಕಾಣುತ್ತಿತ್ತು.