ಪ್ರಶ್ನೆಪತ್ರಿಕೆಯಲ್ಲಿಲ್ಲದ ವಾಕ್ಯಗಳು

ಜರ್ಮನಿಗೆ ನಾನು ಹೋದವನಲ್ಲ. ಜರ್ಮನ್ ಕಲಿತದ್ದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಮೈಸೂರಿನಿಂದ ವಿನಿಮಯ ವಿದ್ಯಾರ್ಥಿಯಾಗಿ ಹೋಗಿದ್ದಾಗ. ಸ್ಕಾಲರ್‌ಶಿಪ್ ಇದ್ದದ್ದು ಒಂದು ವರ್ಷಕ್ಕೆ. ಆಮೇಲೂ ಉಳಿದು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದರೆ ವಸಂತದಲ್ಲಿ ಜರ್ಮನ್ ಓದುವ ಪರೀಕ್ಷೆ ಪಾಸಾಗಬೇಕು. ಇಲ್ಲವಾದರೆ ಜೂನ್‌ನಲ್ಲಿ ವಾಪಸು. ಬಟ್ಟೆಯ ಬಣ್ಣಗಳ ಬಗೆಗಿನ ಹಳೆಯ ಸಂಶೋಧನೆಯೆಲ್ಲ ಜರ್ಮನ್‌ನಲ್ಲಿದೆ ಎಂಬುದು ವಿಭಾಗದ ಪ್ರೊಫೆಸರ್ ಕೊಟ್ಟ ಕಾರಣ. ಇಂಗ್ಲಿಷೇ ನನಗೆ ಪರಭಾಷೆಯಲ್ಲವೇ ಎಂದು ಕೇಳಿದೆ. ಪ್ರೊಫೆಸರ್ ನಕ್ಕರು. ನಕ್ಕರು ಎಂದು ಈಗ ಬರೆಯುತ್ತಿದ್ದೇನೆ. ಬಹುಶಃ ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದರು, ಅಷ್ಟೇ.

ಪಾಠ ಹೇಳಿಕೊಟ್ಟವರು ಅಮೆರಿಕನ್ ಸೈನಿಕನೊಬ್ಬನನ್ನು ಮದುವೆಯಾಗಿ ಅಲ್ಲಿಗೆ ಬಂದಿದ್ದ ಜರ್ಮನ್ ಹೆಂಗಸು. ಕ್ಯಾಂಪಸ್ಸಿನ ಹಿಂದೆ ಪೈನ್ ಮರಗಳ ನಡುವೆ ಅವರ ಮನೆ. ಶನಿವಾರಗಳಂದು ಅಡುಗೆಮನೆಯ ಮೇಜಿನ ಮೇಲೆ ಪಾಠ. ಅವರು ನನ್ನೊಡನೆ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ ಇರಬೇಕು. ನನ್ನ ತಲೆಯಲ್ಲಿ ಮಾತ್ರ ಈಗ ಅವರು ಶುದ್ಧ ಮೈಸೂರಿನವರ ಹಾಗೆ ಮಾತಾಡುತ್ತಾರೆ.

"ಆ ಪುಸ್ತಕ ಮುಚ್ಚಿಡಪ್ಪ. ಟೀ ಕುಡೀತೀರಾ ಅಂತ ನನ್ನನ್ನ ಜರ್ಮನ್‌ನಲ್ಲಿ ಕೇಳು ನೋಡೋಣ."

ನನಗೆ ಬೇಕಾಗಿದ್ದುದು ಟೀ ಅಲ್ಲ, ಪರೀಕ್ಷೆ. ಪರೀಕ್ಷೆಗೆ ಬರಬಹುದೆಂದು ಲೈಬ್ರರಿಯಿಂದ ತಂದ, ಬಣ್ಣಗಳ ಮೇಲಿನ ಜರ್ಮನ್ ಪ್ರಬಂಧಗಳನ್ನೇ ಮುಂದೆ ಒಡ್ಡುತ್ತಿದ್ದೆ. ಅವರು ನಿಟ್ಟುಸಿರು ಬಿಟ್ಟು ಸಾಲುಸಾಲಿನ ಅರ್ಥ ಬಿಡಿಸುತ್ತಿದ್ದರು. ರೂಮಿಗೆ ಬಂದ ಮೇಲೆ ನಾನು ಕಲಿಯುತ್ತಿದ್ದುದು ನನಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ: ಗಟ್ಟಿಯಾಗಿ ಓದು, ಪುಸ್ತಕ ಮುಚ್ಚಿ ಹೇಳು, ತಪ್ಪಿದರೆ ಮತ್ತೆ ಮೊದಲಿಂದ. ತಾತ ಸಂಸ್ಕೃತ ಕಲಿಸಿದ್ದು ಹಾಗೆ, ಶಾಲೆಯಲ್ಲಿ ಮಗ್ಗಿ ಕಲಿತದ್ದೂ ಹಾಗೆ. ಬಾಯಿಗೆ ಬಾರದ್ದು ಬಂದಿಲ್ಲವೆಂದೇ ನಮ್ಮಲ್ಲಿ ಲೆಕ್ಕ.

ನನ್ನ ರೂಮ್‌ಮೇಟ್ ಬೆಂಗಳೂರಿನವನು. ಹಿಂದಿನ ವರ್ಷವೇ ಈ ಪರೀಕ್ಷೆ ದಾಟಿದ್ದ.

"ಏನ್ ಪುರೋಹಿತರೇ, ಬಾತ್‌ರೂಮಲ್ಲೂ ಪಾರಾಯಣಾನಾ?"

"ಕಿಚಾಯಿಸ್ಬೇಡ. ಪುಸ್ತಕ ಹಿಡ್ಕೊಂಡು ಚೆಕ್ ಮಾಡೋ."

ಅವನು ಬೆರಳಿಟ್ಟು ನೋಡುತ್ತ ಹೋದ. "ಲೋ, ಒಂದಕ್ಷರಾನೂ ಮಿಸ್ ಮಾಡ್ಲಿಲ್ವಲ್ಲೋ! ಮೀನಿಂಗ್ ಗೊತ್ತಾ, ಇಲ್ಲ ಬರೀ ಮಂತ್ರಾನಾ?"

"ಗೊತ್ತು ಕಣೋ."

ಗೊತ್ತಿತ್ತು. ಇದನ್ನು ಇನ್ನೊಮ್ಮೆ ಬರೆಯಬೇಕು: ಗೊತ್ತಿತ್ತು.

ಪರೀಕ್ಷೆಯ ದಿನ ಕಾಗದ ತಿರುಗಿಸಿದರೆ ನಾನು ಕಲಿತ ಪ್ರಬಂಧವೇ, ಅದರ ನಡುವಿನ ಭಾಗ. ಡಿಕ್ಷನರಿ ನೋಡಲು ಅನುಮತಿಯಿತ್ತು, ನಾನು ತೆರೆಯಲಿಲ್ಲ. ಮೊದಲ ಸಾಲು ನೋಡಿದ್ದಷ್ಟೇ, ಮುಂದಿನದು ತಾನಾಗಿ ಬಂತು. ಬಂದದ್ದನ್ನು ಇಂಗ್ಲಿಷಿಗೆ ತಿರುಗಿಸುತ್ತ ಬರೆದೆ. ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಬಂದೆ.

ಆ ವಾರವೇ ಪ್ರೊಫೆಸರ್ ಕರೆಸಿದರು.

"ನಿಮ್ಮ ಅನುವಾದದ ಕೊನೆಯ ವಾಕ್ಯಗಳು ಪ್ರಶ್ನೆಪತ್ರಿಕೆಯಲ್ಲಿ ಇಲ್ಲವಲ್ಲ."

"ಪ್ರಬಂಧದಲ್ಲಿವೆ ಸರ್," ಎಂದೆ. ನನಗೆ ಸಂತೋಷವೇ ಆಗಿತ್ತು. ಕೊಟ್ಟದ್ದಕ್ಕಿಂತ ಹೆಚ್ಚು ಬರೆದಿದ್ದೇನೆ, ಮೆಚ್ಚಲಿಕ್ಕೆ ಕರೆದಿದ್ದಾರೆ ಎಂದುಕೊಂಡಿದ್ದೆ.

"ಈ ಭಾಗ ಬರುತ್ತದೆಂದು ಯಾರು ಹೇಳಿದರು?"

"ಯಾರೂ ಇಲ್ಲ. ಪೂರ್ತಿ ಪ್ರಬಂಧ ನನಗೆ ಬರುತ್ತೆ. ಇಂಥವು ಇನ್ನೂ ಬರುತ್ತವೆ." ಅವರು ನಂಬಲೆಂದು ಎದ್ದು ನಿಂತು, ಕೈಕಟ್ಟಿ, ಜರ್ಮನ್‌ನಲ್ಲಿ ಮೊದಲಿಂದ ಹೇಳತೊಡಗಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಕಂಠಪಾಠ ಮಾಡಿದ್ದನ್ನು ಓದಿದ್ದೆಂದು ಒಪ್ಪಲಿಕ್ಕಾಗುವುದಿಲ್ಲ."

ಬೇರೆ ಯಾವುದಾದರೂ ಪುಟ ಕೊಡಿ, ನಿಮ್ಮೆದುರೇ ಓದುತ್ತೇನೆ ಎಂದೆ. ಸಮಿತಿ ಆಗಲೇ ತೀರ್ಮಾನಿಸಿದೆ ಎಂದರು. ಕೆಟ್ಟ ಮನುಷ್ಯರಲ್ಲ, ಬಾಗಿಲವರೆಗೆ ಬಂದು ಕೈಕುಲುಕಿದರು. ಆ ಪುಟ ಇವತ್ತೂ ತಡವರಿಸದೆ ಬರುತ್ತದೆ. ಅವರ ಮುಖ ಬರುವುದಿಲ್ಲ. ಎರಡು ವರ್ಷವಾದ ಮೇಲೆ ಆ ಪರೀಕ್ಷೆಯನ್ನೇ ತೆಗೆದುಹಾಕಿದರಂತೆ.

ರೂಮ್‌ಮೇಟ್ ತಲೆ ಚಚ್ಚಿಕೊಂಡ. "ಅವ್ರ ಮುಂದೆ ನಿಂತು ಒಪ್ಪಿಸಿದ್ಯಾ? ಗೂಬೆ! ನಾವೆಲ್ಲ ಬೈಹಾರ್ಟ್ ಮಾಡೇ ಪಾಸಾಗಿದ್ದು ಕಣೋ. ಮಧ್ಯೆ ಮಧ್ಯೆ ಬೇಕು ಅಂತ ತಪ್ಪು ಮಾಡ್ಬೇಕು, ಡಿಕ್ಷನರಿ ತಿರುವಿ ಹಾಕ್ಬೇಕು, ಟೈಮ್ ಮುಗಿಯೋವರೆಗೂ ತಲೆ ಕೆರ್ಕೋತಾ ಕೂತಿರ್ಬೇಕು. ಇಷ್ಟೂ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ.

ಶನಿವಾರ ಆ ಹೆಂಗಸಿಗೆ ಸುದ್ದಿ ಹೇಳಲು ಹೋದೆ. ಅವರ ಸಿಟ್ಟೆಲ್ಲ ಪ್ರೊಫೆಸರ್ ಮೇಲೆ. ನಿನಗೆ ಜರ್ಮನ್ ಬರುತ್ತದೆಂದು ನಾನೇ ಹೋಗಿ ಹೇಳುತ್ತೇನೆ ಎಂದು ಕೋಟು ತೆಗೆದುಕೊಂಡರು. ಬೇಡವೆಂದು ತಡೆದೆ. ಕೋಟನ್ನು ಕುರ್ಚಿಯ ಮೇಲೆ ಹಾಕಿ, ನನ್ನತ್ತ ತಿರುಗಿ, ನಿಧಾನವಾಗಿ, ಜರ್ಮನ್‌ನಲ್ಲಿ, ಮುಂದೇನು ಮಾಡುತ್ತೀ ಎಂದು ಕೇಳಿದರು. ಪ್ರಶ್ನೆ ಅರ್ಥವಾಯಿತು. ಉತ್ತರಕ್ಕಾಗಿ ಹುಡುಕಿದೆ. ಬಾಯಿಗೆ ಬಂದ ವಾಕ್ಯಗಳಲ್ಲೆಲ್ಲ ಬಣ್ಣ ಕರಗುತ್ತಿತ್ತು, ಸೋಸಿ ಬರುತ್ತಿತ್ತು, ಒಣಗುತ್ತಿತ್ತು. ಎಲ್ಲಿಗೋ ಹೋಗಬೇಕಾದ ಮನುಷ್ಯ ಒಬ್ಬನೂ ಅವುಗಳಲ್ಲಿರಲಿಲ್ಲ. ನಾನು ಇಂಗ್ಲಿಷಿನಲ್ಲಿ, ಊರಿಗೆ ಹೋಗುತ್ತೇನೆ ಎಂದೆ. ಆಮೇಲೆ ಪ್ರೊಫೆಸರ್ ಬಳಿಗೆ ಹೋಗುವ ಮಾತನ್ನು ಅವರು ಎತ್ತಲಿಲ್ಲ.