ಮಿಲ್ಲಿನ ಮುಂದಿದ್ದ ಮೋರಿ

೧೯೯೪ರಲ್ಲಿ ಆರನೇ ತರಗತಿಗೆ ಓದು ಬಿಟ್ಟೆ — ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಗಿರಿಜಕ್ಕ, ನಾಲ್ಕು ಮಳೆಗಾಲದಿಂದ ನಿಮ್ಮ ರಾಗಿ ಮಿಲ್ಲಿಗೆ ನೀರು ನುಗ್ಗುತ್ತಿರುವುದು ನನ್ನಿಂದ.

ಕನಕಪುರದ ಆ ಪೇಟೆ ರಸ್ತೆ ಹೇಗಿತ್ತೆಂದು ನಿಮಗೆ ಹೇಳಬೇಕಿಲ್ಲ. ಒಂದು ಬಸ್ಸು ಬಂದರೆ ಎದುರಿನ ಆಟೋ ನಿಮ್ಮ ಜಗಲಿ ಹತ್ತಬೇಕಿತ್ತು. ಅದನ್ನು ಅಗಲ ಮಾಡಿ ಹೊಸದಾಗಿ ಹಾಕುವಾಗ ಅಗೆಯುವ ಜೆಸಿಬಿ ನನ್ನ ಕೈಯಲ್ಲಿತ್ತು. ಹಳೇ ರಸ್ತೆ ಬಗೆಯುವುದೆಂದರೆ ನನಗೆ ಮೊದಲಿಂದಲೂ ಒಂದು ಕುತೂಹಲ — ಡಾಂಬರಿನ ಕೆಳಗೆ ಡಾಂಬರು, ಅದರ ಕೆಳಗೆ ಜಲ್ಲಿ, ಅದಕ್ಕೂ ಕೆಳಗೆ ಯಾರೋ ಕೈಯಲ್ಲಿ ಜೋಡಿಸಿದ ದಪ್ಪ ಕಲ್ಲು. ಯಾರಿರಬಹುದು ಅಂದುಕೊಳ್ಳುತ್ತಿದ್ದೆ.

ನಿಮ್ಮ ಬಾಗಿಲ ಮುಂದೆ ಬಕೆಟ್ಟು ಟಣ್ ಅಂದಿತು. ಇಳಿದು ನೋಡಿದರೆ ಚಪ್ಪಡಿ. ಸಂದಿಯಿಂದ ತಣ್ಣನೆ ಗಾಳಿ. ಒಂದನ್ನು ಸರಿಸಿದೆ, ಕೆಳಗೆ ಕಲ್ಲಿನ ಮೋರಿ — ಆಳು ಕೂತುಕೊಂಡು ಹೋಗುವಷ್ಟು, ಒಂದು ಕಲ್ಲೂ ಜರುಗಿರಲಿಲ್ಲ. ಮಲಗಿ ತಲೆ ತೂರಿಸಿ ಕೂಗಿದೆ. ನನ್ನ ಕೂಗು ದೂರ ಹೋಗಿ ಬೇರೆ ಯಾರದೋ ದನಿಯಾಗಿ ವಾಪಸ್ಸು ಬಂತು. ಇದು ಎಲ್ಲಿಗೆ ಹೋಗುತ್ತದೆ? ಹೊಳೆಗೋ, ಕೆರೆಗೋ... ಇವತ್ತಿಗೂ ಗೊತ್ತಿಲ್ಲ. ಚಪ್ಪಡಿ ಎಳೆದು ಮೇಲೆ ಮಣ್ಣು ಚೆಲ್ಲಿದೆ.

ಇಂಜಿನಿಯರ್ ಮೊದಲ ದಿನವೇ ಹೇಳಿದ್ದರು: "ಸಿದ್ದರಾಜಣ್ಣ, ಒಳಗೆ ಪೈಪು, ಮೋರಿ, ಏನ್ ಸಿಕ್ಕಿದ್ರೂ ಎಲ್ಲಿ, ಎಷ್ಟು ಆಳ ಅಂತ ಈ ಬುಕ್ಕಲ್ಲಿ ಬರೆದು ಸೈನ್ ಹಾಕಿ. ನಾವು ನೋಡಿದ ಮೇಲೆ ಮುಚ್ಚಿ."

ದಿನಾ ಸಂಜೆ ನಾನು ಬರೆಯುತ್ತಿದ್ದದ್ದು ಎರಡೇ ಪದ — ಏನೂ ಇಲ್ಲ. ಅವೆರಡು ನನ್ನ ಕೈಗೆ ಚೆನ್ನಾಗಿ ಕೂತಿದ್ದವು.

ಆ ಸಂಜೆಯೂ ಪುಸ್ತಕ ಹಿಡಿದು ನಿಂತೆ. ಸುತ್ತ ಡಿಪ್ಲೊಮಾ ಓದಿದವರು. ಕಣ್ಣಳತೆಯಲ್ಲೇ ಮಟ್ಟ ಹಿಡಿಯುತ್ತೇನೆಂದು ನನ್ನನ್ನು 'ಮೇಷ್ಟ್ರೇ' ಎಂದು ಕರೆಯುತ್ತಿದ್ದವರು. ಅವರೆದುರು ನನ್ನ ಸೊಟ್ಟ ಅಕ್ಷರದಲ್ಲಿ ನಾಲ್ಕು ಸಾಲು — ಆಗಲಿಲ್ಲ, ಅಕ್ಕ. ಬಾಯಲ್ಲಿ ಹೇಳಿದ್ದರೆ 'ಬರೀರಿ' ಅನ್ನುತ್ತಿದ್ದರು. ಏನೂ ಇಲ್ಲ ಎಂದೇ ಬರೆದೆ. ರೋಲರಿನ ಭಾರಕ್ಕೆ ಚಪ್ಪಡಿ ಕುಸಿದರೆ ಸಿಕ್ಕಿಬೀಳುತ್ತೇನೆಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೋರಿಯೊಳಗೆ ಜಲ್ಲಿ, ಮಣ್ಣು ತುಂಬಿ ಅದುಮಿದೆ.

ಮೊದಲ ದೊಡ್ಡ ಮಳೆಗೇ ನಿಮ್ಮ ಮೋಟಾರು ಮುಳುಗಿತು. ಬೇರೆಯವರು ಬೀಸಲು ಬಿಟ್ಟುಹೋಗಿದ್ದ ರಾಗಿ ನೆನೆದು ಮೊಳಕೆ ಬಂತು. ಟೀ ಅಂಗಡಿ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದಿರಿ:

"ನಮ್ ಮಾವ ಕಟ್ಟಿದಾಗ್ಲಿಂದ ಒಂದ್ ಹನಿ ನೀರು ಒಳಕ್ ಬಂದಿರ್ನಿಲ್ಲ ಕಣಪ್ಪ. ಅಗೆದೋನು ನೀನೇ ಅಲ್ವಾ, ಕೆಳಗೆ ಏನಾರ ಇತ್ತಾ?"

"ಏನೂ ಇರ್ನಿಲ್ಲ ಕಣಕ್ಕ. ನಿಮ್ ಮಿಲ್ಲೇ ತಗ್ಗಲ್ಲೈತೆ. ರಸ್ತೆ ಏನ್ ಮಾಡ್ತದೆ?"

ಟೀ ಕುಡಿಯುತ್ತಿದ್ದವನೊಬ್ಬ, "ಮಿಲ್ ಮುಚ್ಬುಟ್ಟು ಜನುನ್ನ ಈಜಾಕೆ ಬುಡಕ್ಕ, ಟಿಕೆಟ್ ಇಟ್ಬುಡು!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ — ಅದು ಮೋರಿ ಮುಚ್ಚಿದ್ದಕ್ಕಿಂತ ದೊಡ್ಡ ತಪ್ಪು.

ನೀವು ನನ್ನ ಮಾತು ನಂಬಿದಿರಿ. ಮಾವನ ಫೋಟೋ ಕಡೆ ನೋಡಿ "ತಗ್ಗಲ್ ಕಟ್ಬುಟ್ರಲ್ಲ ನೀವು" ಅಂದಿರಂತೆ. ಹೊಸಲನ್ನು ಮಂಡಿಯುದ್ದ ಏರಿಸಿದಿರಿ. ಮೂಟೆ ಹೊತ್ತು ಅದನ್ನು ದಾಟಲಾರದ ಹೆಂಗಸರು ಬೇರೆ ಮಿಲ್ಲು ಹುಡುಕಿಕೊಂಡರು. ನಾನೂ ನಿಮ್ಮ ಮುಖ ನೋಡಲಾರದೆ ಹಾರೋಹಳ್ಳಿಯಲ್ಲಿ ಬೀಸಿಸಿಕೊಂಡು ಬರುತ್ತಿದ್ದೆ.

ಪೈಪು ಹಾಕಲು ಆ ರಸ್ತೆಯನ್ನು ಮತ್ತೆ ಅಗೆಯುತ್ತಾರಂತೆ. ಈ ಕಾಗದ ಬರೆಯಲು ನನಗೆ ಮೂರು ದಿನ ಹಿಡಿಯಿತು. ಅಕ್ಷರ ಈಗಲೂ ಸೊಟ್ಟ. ಇದರದೇ ಇನ್ನೊಂದು ಪ್ರತಿ ಇಂಜಿನಿಯರ್ ಕೈಗೆ ಕೊಡುತ್ತೇನೆ — ನಿಮ್ಮ ಬಾಗಿಲಿಂದ ಹನ್ನೊಂದು ಹೆಜ್ಜೆ, ಎದೆಯಾಳ, ತುಂಬಿದವನು ನಾನು. ಟೀ ಅಂಗಡಿ ಮುಂದೆಯೂ ನಿಂತು ಹೇಳುತ್ತೇನೆ. ನಿಮ್ಮ ಮಾವ ತಗ್ಗಿನಲ್ಲಿ ಕಟ್ಟಿರಲಿಲ್ಲ, ಅಕ್ಕ.

ಈಗ ನನ್ನ ಹತ್ತಿರ ಇರುವುದು — ಸ್ವಂತದ್ದೊಂದು ಜೆಸಿಬಿ, ಎರಡು ಕೋಣೆಯ ಮನೆ, ಒಂದು ಎಮ್ಮೆ, ನಿಮ್ಮ ಮಿಲ್ಲಿಗೇ ತರಬೇಕೆಂದು ಎಲ್ಲೂ ಬೀಸಿಸದೆ ಇಟ್ಟುಕೊಂಡಿರುವ ಅರ್ಧ ಮೂಟೆ ರಾಗಿ.